ಊರಲ್ಲಿಲ್ಲದವನ ಎಲೆ

ಎರಡು ದೇಶಗಳ ಜಗಳ ಬಂದು ಶರ್ಲಿಯ ಮನೆಯಲ್ಲಿ ಇಳಿದುಕೊಂಡಿತ್ತು. ಒಂದು ದೇಶ ಮಹಡಿಯ ಕೋಣೆಗಳಲ್ಲಿ, ಇನ್ನೊಂದು ಕೆಳಗಿನ ಕೋಣೆಗಳಲ್ಲಿ. ದೇಶಗಳ ಹೆಸರು ಯಾರ ಕಿವಿಗೂ ಬೀಳಬಾರದೆಂದು ಸುಮನಾ ಮೊದಲೇ ಮಾತು ತೆಗೆದುಕೊಂಡಿದ್ದಳು. ಹಾಗಾಗಿ ಶರ್ಲಿ ಮನಸ್ಸಿನಲ್ಲೂ ಅವರನ್ನು ಮೇಲಿನವರು, ಕೆಳಗಿನವರು ಎಂದೇ ಕರೆದುಕೊಳ್ಳುತ್ತಿದ್ದಳು. ಮೇಲಿನವರಿಗೆ ಸಕ್ಕರೆಯಿಲ್ಲದ ಕಾಫಿ. ಕೆಳಗಿನವರಿಗೆ ಹಾಲಿಲ್ಲದ ಟೀ. ಸಕಲೇಶಪುರದ ಹೆಗ್ಗದ್ದೆ ಕಡೆಯ ಕಾಫಿತೋಟದ ನಡುವೆ ಕೂತು ಟೀ ಕೇಳುವವರನ್ನು ಕಂಡು ಅತ್ತೆ ಮಾರ್ಸೆಲಿನ್‌ರ ಮುಖ ಮೊದಲ ದಿನವೇ ಗಂಟಾಗಿತ್ತು.

"ಇಡೀ ಸಮುದ್ರ ಬೇಕಂತೆ ಇವರಿಗೆ, ಒಂದು ಲೋಟ ಕಾಫಿ ಬೇಡವಂತೆ" ಎಂದಿದ್ದರು.

ಸುಮನಾ ಮಂಗಳೂರಿನ ಕಾಲೇಜು ಹಾಸ್ಟೆಲಿನಲ್ಲಿ ಶರ್ಲಿಯ ಕೋಣೆಯಲ್ಲೇ ಇದ್ದವಳು. ಈಗ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಸಮುದ್ರದ ಗಡಿಗಳ ಬಗ್ಗೆ ಅಧ್ಯಯನ ಮಾಡುವವಳು. ಪತ್ರಿಕೆಯವರ ಕಣ್ಣಿಗೆ ಬೀಳದ ಕಡೆ, ಎರಡೂ ದೇಶಗಳಿಗೆ ಸೇರದ ನೆಲದಲ್ಲಿ, ಸರ್ಕಾರದ ಹೆಸರಿಲ್ಲದೆ ಇಬ್ಬರನ್ನೂ ಕೂರಿಸಿ ನಾಲ್ಕು ಮಾತಾಡಿಸಬೇಕು ಎಂದಾಗ ಅವಳು ಆರಿಸಿಕೊಂಡದ್ದು ಗೆಳತಿಯ ಹೋಮ್‌ಸ್ಟೇಯನ್ನು. "ನಿನ್ನ ಮನೇನೇ ಯಾಕೆ ಅಂತ ಕೇಳಬೇಡ ಕಣೇ" ಎಂದು ಫೋನಿನಲ್ಲಿ ಹೇಳಿದ್ದಳು. ಶರ್ಲಿ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಏಕೆಂದರೆ ಆ ಎರಡು ದೇಶಗಳ ಜಗಳದ ನಡುವೆ ಸಿಕ್ಕಿಕೊಂಡಿದ್ದವರಲ್ಲಿ ಶರ್ಲಿಯ ಗಂಡ ರಸೆಲ್ ಒಬ್ಬ.

ರಸೆಲ್ ಹಡಗಿನ ಇಂಜಿನಿಯರ್. ಸಮುದ್ರದ ತಳವನ್ನು ಅಳೆಯುವ ಒಂದು ಸರ್ವೆ ಹಡಗಿಗೆ ಬೇಸಿಗೆಯಲ್ಲಿ ಸೇರಿಕೊಂಡಿದ್ದ. ಹಡಗನ್ನು ಬಾಡಿಗೆಗೆ ಹಿಡಿದದ್ದು ಮೇಲಿನವರು. ಅದನ್ನು ಅಡ್ಡಗಟ್ಟಿ ತಮ್ಮ ಬಂದರಿಗೆ ಎಳೆದೊಯ್ದದ್ದು ಕೆಳಗಿನವರ ನೌಕಾಪಡೆ. ಸಿಬ್ಬಂದಿಯನ್ನೆಲ್ಲ ಹಡಗಿನಲ್ಲೇ ಕೂರಿಸಿ, ಹೊರಗೆ ಕಾವಲು ಹಾಕಿ ಮಳೆಗಾಲವೇ ಕಳೆಯುತ್ತ ಬಂದಿತ್ತು. ಆಮೇಲೆ ರಸೆಲ್‌ನ ದನಿ ಕೇಳಿದ್ದು ಒಂದೇ ಸಲ. "ಚೆನ್ನಾಗಿದ್ದೀನಿ, ಅನ್ನ ಕೊಡ್ತಾರೆ, ಅಮ್ಮನಿಗೆ ಹೇಳಬೇಡ" ಎಂದಷ್ಟೇ ಹೇಳಿದ್ದ, ಅಷ್ಟರಲ್ಲಿ ಫೋನು ಸತ್ತಿತ್ತು.

ಮಾರ್ಸೆಲಿನ್‌ರ ಎದೆಗೆ ಹಿಂದಿನ ವರ್ಷವಷ್ಟೇ ಸ್ಟೆಂಟ್ ಹಾಕಿದ್ದರು. ಹಾಗಾಗಿ ಶರ್ಲಿ ಸುಳ್ಳು ಹೇಳಿದಳು. ಹಡಗಿನ ಫೋನು ಕೆಟ್ಟಿದೆ, ಕೆಲಸ ಮುಂದಕ್ಕೆ ಹೋಗಿದೆ ಎಂದಳು. ಹಡಗಿನ ಕಂಪನಿಯ ಏಜೆಂಟ್ ಫೋನು ಮಾಡಿದಾಗಲೆಲ್ಲ ಕಾಫಿ ಒಣಗಿಸುವ ಕಣದ ತುದಿಗೆ ಹೋಗಿ, ಮನೆಗೆ ಬೆನ್ನು ಹಾಕಿ ಮಾತಾಡುತ್ತಿದ್ದಳು. ಒಂದು ಸುಳ್ಳಿಗೆ ಇನ್ನೊಂದನ್ನು ಒತ್ತು ಕೊಟ್ಟು ನಿಲ್ಲಿಸಬೇಕು. ನಗುವನ್ನೂ ಅಷ್ಟೇ. ಬೆಳಿಗ್ಗೆ ಎದ್ದು ಮುಖಕ್ಕೆ ನೀರು ಹಾಕಿಕೊಂಡ ಹಾಗೆ ನಗುವನ್ನೂ ಹಾಕಿಕೊಂಡು ಅಡುಗೆಮನೆಗೆ ಹೋಗುವುದು ಅವಳಿಗೆ ಅಭ್ಯಾಸವಾಗಿತ್ತು. ಯಾವತ್ತಾದರೂ ಮರೆತರೆ ಅತ್ತೆಯ ಕಣ್ಣು ತನ್ನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಗೊತ್ತಾಗುತ್ತಿತ್ತು.

ಸುಮನಾ ಬಂದವಳೇ ಶರ್ಲಿಯನ್ನು ಸ್ಟೋರ್ ರೂಮಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದ್ದಳು. "ಬಾಯಿ ಬಿಡಬೇಡ. ಹಡಗಲ್ಲಿರೋನ ಹೆಂಡತಿ ಮನೇಲೇ ಕೂರಿಸಿದ್ದೀವಿ ಅಂತ ಗೊತ್ತಾದ್ರೆ ಕೆಳಗಿನವರು ಬಲೆ ಬೀಸಿದ್ರಿ ಅಂತ ಎದ್ದು ಹೋಗ್ತಾರೆ. ಆಮೇಲೆ ಮತ್ತೆ ಇವರನ್ನ ಕೂರಿಸೋಕೆ ಎಷ್ಟು ವರ್ಷ ಬೇಕೋ. ನೀನು ಬಡಿಸು, ಕೇಳಿಸ್ಕೋ, ಅಷ್ಟೇ."

ಶರ್ಲಿ ಬಡಿಸಿದಳು, ಕೇಳಿಸಿಕೊಂಡಳು.

ಜಗಳವಿದ್ದದ್ದು ಒಂದು ಮರಳು ದಿಬ್ಬಕ್ಕೆ. ಇಳಿತದಲ್ಲಿ ತಲೆಯೆತ್ತುತ್ತದೆ, ಅದರಲ್ಲಿ ಅನುಮಾನವಿಲ್ಲ. ಉಬ್ಬರ ಬಂದಾಗ ಪೂರ್ತಿ ಮುಳುಗುತ್ತದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ಮುಳುಗದಿದ್ದರೆ ಅದು ದ್ವೀಪ. ದ್ವೀಪವಾದರೆ ಸುತ್ತ ಹನ್ನೆರಡು ಮೈಲಿ ಸಮುದ್ರ ಅದರ ಒಡೆಯನದು, ಕೆಳಗಿರುವ ಅನಿಲ, ಮೇಲಿರುವ ಮೀನು ಎಲ್ಲವೂ. ಮುಳುಗಿದರೆ ಬರೀ ಮರಳು. ಮೇಲಿನವರು ಮುಳುಗುತ್ತದೆ ಎನ್ನುತ್ತಿದ್ದರು, ಕೆಳಗಿನವರು ಇಲ್ಲ ಎನ್ನುತ್ತಿದ್ದರು. ಕೆಳಗಿನವರ ಕಾವಲು ಹಡಗೊಂದು ಮಳೆ ಬಿಸಿಲೆನ್ನದೆ ದಿಬ್ಬದ ಪಕ್ಕ ನಿಂತಿರುತ್ತಿತ್ತು.

"ಒಂದು ಋತು ಹಡಗು ತೆಗೆದರೆ ಸಾಕು, ಮುಂದಿನ ಋತುವಿಗೆ ಅಲ್ಲಿ ನಿಮ್ಮದು ನಿಂತಿರುತ್ತದೆ" ಎಂದಿದ್ದರು ಕೆಳಗಿನವರ ಹಿರಿಯರು. ನಿವೃತ್ತ ಅಡ್ಮಿರಲ್. ಉದ್ದನೆಯ ಆಳು, ಕಿವಿಗೆ ಯಂತ್ರ, ಎರಡೂ ಮಂಡಿ ನೋವು. ಮೆಟ್ಟಿಲು ಹತ್ತಲಾರರೆಂದೇ ಅವರ ದೇಶಕ್ಕೆ ಕೆಳಗಿನ ಕೋಣೆಗಳು ಸಿಕ್ಕಿದ್ದವು.

"ನಿಮ್ಮದು ನಿಂತಿದೆಯೆಂದೇ ನಾವು ಅಳೆಯಲು ಕಳಿಸಿದ್ದು" ಎಂದಿದ್ದರು ಮೇಲಿನವರ ಮುಂದಾಳು, ಗಿಡ್ಡ ಕೂದಲಿನ ಕಾನೂನು ಪ್ರೊಫೆಸರ್. ಸದಾ ಶಾಲು ಹೊದ್ದಿರುತ್ತಿದ್ದ ಹೆಂಗಸು.

ಹಡಗಿನವರನ್ನು ಬಿಡುವ ವಿಷಯ ಚರ್ಚೆಯಲ್ಲಿ ಕಟ್ಟಕಡೆಗಿತ್ತು. ಎರಡನೆಯ ಸಂಜೆ ಶರ್ಲಿ ಬಾಳೆಕಾಯಿ ಬಜ್ಜಿಯ ತಟ್ಟೆ ಹಿಡಿದು ಜಗುಲಿಗೆ ಬಂದಾಗ ಕೆಳಗಿನವರಲ್ಲೊಬ್ಬ ಹೇಳುತ್ತಿದ್ದ: "ದಿಬ್ಬದ ವಿಷಯ ತೀರ್ಮಾನವಾಗದೆ ಕೈಲಿರುವ ಕಾರ್ಡನ್ನು ಯಾರಾದರೂ ಕೆಳಗಿಡುತ್ತಾರೆಯೇ?" ಅದಕ್ಕೆ ಮೇಲಿನವರ ಕಡೆಯ ಕನ್ನಡಕದವನು ಬಜ್ಜಿ ತೆಗೆದುಕೊಳ್ಳುತ್ತಾ, "ನಮಗೇನೂ ಅವಸರವಿಲ್ಲ. ಅವರು ಅಲ್ಲಿರುವಷ್ಟು ದಿನ ಲೋಕ ನಮ್ಮ ಪರವಾಗಿರುತ್ತದೆ" ಎಂದ.

ಶರ್ಲಿ ತಟ್ಟೆ ಇಟ್ಟು ಒಳಗೆ ಬಂದಳು. ಒಲೆಯ ಮೇಲೆ ಎಣ್ಣೆ ಕಾದು ಹೊಗೆಯಾಡುತ್ತಿತ್ತು. ಆರಿಸಿದಳು. ರಸೆಲ್ ತೋಟದ ಪಂಪಿನ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ, ಎಲ್ಲಿ ಕೆಟ್ಟಿದೆಯೆಂದು ಹೇಳಬಲ್ಲವನು. ಮಲಗಿದರೆ ಗೊರಕೆ. ಸಾರಿಗೆ ಹುಳಿ ಹೆಚ್ಚಾದರೆ ಮಾತಿಲ್ಲದೆ ಮೊಸರು ಸುರಿದುಕೊಳ್ಳುವವನು. ಅವನು ಈಗ ಒಂದು ಕಾರ್ಡ್. ಹಿಡಿದವರಿಗಷ್ಟೇ ಅಲ್ಲ, ಕಳಿಸಿದವರಿಗೂ. ಇಷ್ಟು ದಿನ ಕೆಳಗಿನವರ ಮೇಲಿದ್ದ ಸಿಟ್ಟು ಆ ಸಂಜೆ ಎರಡು ಪಾಲಾಗಿ, ಎರಡೂ ಕಡೆ ಹಂಚಿಹೋಗಿ, ಯಾರ ಮೇಲೂ ಪೂರ್ತಿ ಉಳಿಯಲಿಲ್ಲ. ಉಳಿದದ್ದು ಭಯವೊಂದೇ.

ಮರುದಿನ ಮೊಂತಿ ಹಬ್ಬ. ಮಾತೆ ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಮಾರ್ಸೆಲಿನ್ ಬೆಳಿಗ್ಗೆಯೇ ಸಕಲೇಶಪುರದ ಚರ್ಚಿಗೆ ಹೋಗಿ ಪಾದ್ರಿಗಳು ಮಂತ್ರಿಸಿಕೊಟ್ಟ ಭತ್ತದ ತೆನೆಯನ್ನು ಕರ್ಚೀಫಿನಲ್ಲಿ ಸುತ್ತಿ ತಂದರು. ಅವರು ಮನೆಯ ಮೆಟ್ಟಿಲು ಹತ್ತುವುದಕ್ಕೂ ಜಗುಲಿಯಲ್ಲಿ ಕುರ್ಚಿಗಳು ಸರಿದ ಸದ್ದಾಗುವುದಕ್ಕೂ ಸರಿಹೋಯಿತು.

ಮಾತು ಮುರಿದಿತ್ತು. ಸುಮನಾ ಬಿಳಿಚಿಕೊಂಡು ಅಡುಗೆಮನೆಗೆ ಬಂದಳು. "ಹೊರಟರು ಕಣೇ. ದಿಬ್ಬದ ಹತ್ತಿರವೇ ನಿಂತು ಹೋಯ್ತು. ಕೆಳಗಿನವರು ಮಂಗಳೂರು ಏರ್‌ಪೋರ್ಟಿಗೆ ಗಾಡಿ ಕೇಳ್ತಿದ್ದಾರೆ."

"ಹಡಗಿನವರ ವಿಷಯ?"

"ಅಲ್ಲೀತನಕ ಹೋಗಲೇ ಇಲ್ಲ."

ಶರ್ಲಿ ಹೆಚ್ಚುತ್ತಿದ್ದ ಹೀರೆಕಾಯಿಯನ್ನು ಹಾಗೆಯೇ ಹೆಚ್ಚುತ್ತಾ ಹೋದಳು.

ಆಗ ಹಿತ್ತಿಲ ಬಾಗಿಲಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಭೂತಯ್ಯ ಕಾಣಿಸಿಕೊಂಡ. ಓಡಿ ಬಂದವನಿಗೆ ಏದುಸಿರು.

"ಅಮ್ಮಾರೇ, ಯಾವ ಗಾಡೀನೂ ಬುಡಬ್ಯಾಡಿ. ಗೇಟಿನ ತಾವ ಆನೆ ಬಂದ್ಬುಟ್ಟವೆ. ಐದಾರು ಅವೆ, ಮರಿ ಬ್ಯಾರೆ ಐತೆ. ರೋಡಲ್ಲೇ ನಿಂತ್ಕಂಡು ನಮ್ಮ ಬೈನೆ ಮರ ಸೀಳ್ತಾ ಅವೆ."

"ಎಷ್ಟು ಹೊತ್ತಾಗುತ್ತೋ ಭೂತಯ್ಯ?"

"ಅದನ್ನ ಆನೇನೇ ಕೇಳ್ಬೇಕು ಕಣ್ರಮ್ಮ. ಫಾರೆಸ್ಟ್‌ನೋರಿಗೆ ಫೋನ್ ಹಾಕಿವ್ನಿ. ಮರಿ ಇರೋ ಹೊತ್ನಲ್ಲಿ ಪಟಾಕಿ ಹೊಡಿಯಾಕಿಲ್ಲ ಅಂದ್ರು. ಬೈನೆ ಮುಗಿಯೋಗಂಟ ಕಾಯಿರಿ ಅಂದ್ರು." ಜಗುಲಿಯ ಕಡೆ ಇಣುಕಿ ದನಿ ತಗ್ಗಿಸಿದ. "ಆ ಉದ್ದನೆ ಸಾಯೇಬ್ರು ನೇವಿಯೋರಂತಲ್ಲ? ಆನೆಗೆ ಅದೆಲ್ಲ ಗೊತ್ತಾಯ್ತದಾ?"

ಗೊತ್ತಾಗಲಿಲ್ಲ. ಕೆಳಗಿನವರ ಸೂಟ್‌ಕೇಸುಗಳು ಜಗುಲಿಯಲ್ಲೇ ಸಾಲಾಗಿ ಕೂತವು.

ಮಾರ್ಸೆಲಿನ್‌ಗೆ ಇದು ಒಳ್ಳೆಯದೇ ಆಯಿತು. "ಹಬ್ಬದ ದಿನ ಉಣ್ಣದೆ ಹೊರಡೋದು ಅಂದ್ರೇನು?" ಎನ್ನುತ್ತಾ ಒಳಗಿನ ಹಜಾರದಲ್ಲಿ ಚಾಪೆಯ ಬದಲು ಉದ್ದನೆಯ ಮೇಜು ಹಾಕಿಸಿದರು. ಆ ಸಾಹೇಬರ ಮಂಡಿಗಾಗಿ. ಬಾಳೆಲೆಗಳನ್ನು ತಾವೇ ಒರೆಸಿದರು. ಈ ಮನೆಯ ಮೊಂತಿ ಹಬ್ಬಕ್ಕೆ ಅವರ ಗಂಡ ದಿವಂಗತ ಅಗಸ್ಟಿನ್ ಹಾಕಿಟ್ಟ ಕಟ್ಟಳೆಗಳಿದ್ದವು. ಸೂರಿನಡಿ ಇರುವವರೆಲ್ಲ ಒಂದೇ ಪಂಕ್ತಿಯಲ್ಲಿ ಕೂರಬೇಕು. ಮಂತ್ರಿಸಿದ ತೆನೆಯ ಕಾಳು ಬಿಡಿಸಿ, ಅರೆದು, ಹಾಲಿಗೆ ಬೆರೆಸಿ ಎಲ್ಲರಿಗೂ ಒಂದೊಂದು ಗುಟುಕು ಕೊಡಬೇಕು. ಅದೇ ಹೊಸ ಅಕ್ಕಿ. ಊರಲ್ಲಿಲ್ಲದವರಿಗೂ ಎಲೆ ಹಾಕಬೇಕು. ಅವರ ಹೆಸರು ಹೇಳಿ, ಈಗ ಎಲ್ಲಿದ್ದಾರೆಂದು ಹೇಳಿ, ಅವರ ಪಾಲಿನ ಕಾಳನ್ನು ಎಲೆಯ ಮೇಲಿಡಬೇಕು. ಆಮೇಲೆ ಅದನ್ನು ಹೇಗಾದರೂ ಅವರಿಗೆ ತಲುಪಿಸಬೇಕು. ರಸೆಲ್ ಹಡಗಿನಲ್ಲಿದ್ದ ವರ್ಷಗಳಲ್ಲೆಲ್ಲ ಹೆಸರು ಹೇಳುತ್ತಿದ್ದವಳು ಶರ್ಲಿ. ಹೆಂಡತಿ ಇರುವಾಗ ಬೇರೆಯವರು ಹೇಳುವಂತಿಲ್ಲ.

ಇದು ಶರ್ಲಿಗೆ ನೆನಪಾದದ್ದು ಎಲೆ ಹಾಕಿ ಮುಗಿದ ಮೇಲೆ. ಅಡ್ಮಿರಲ್‌ಗೂ ಪ್ರೊಫೆಸರ್‌ಗೂ ನಡುವೆ ಕುರ್ಚಿಯಿಲ್ಲದ ಒಂದು ಎಲೆ.

"ಮಾಂಯ್" ಎಂದಳು. ಅವರಲ್ಲಿ ಅತ್ತೆಯನ್ನು ಕರೆಯುವುದು ಹಾಗೆ. "ಈ ಸಲ ಬೇಡ. ಹೊರಗಿನವರಿದ್ದಾರೆ."

"ಹೊರಗಿನವರು ಇದ್ದರೆ ನನ್ನ ಮಗ ಮಗನಲ್ವಾ?"

ಮಾತು ಕೊಂಕಣಿಯಲ್ಲಿತ್ತು. ಅತಿಥಿಗಳಿಗೆ ತಿಳಿಯಲಿಲ್ಲ, ಆದರೆ ಅತ್ತೆ ಸೊಸೆಯರ ಮುಖ ತಿಳಿಯಿತು. ಎಲ್ಲರೂ ಕೈಕಟ್ಟಿ ಕೂತರು. ಮಾರ್ಸೆಲಿನ್ ಹಾಲಿನ ಬಟ್ಟಲು ಹಿಡಿದು, ಒಂದು ಎಲೆ ಮೇಲಿನವರಿಗೆ, ಒಂದು ಕೆಳಗಿನವರಿಗೆ ಎಂದು ನೋಡದೆ ಸಾಲಿಗೆ ಕೊಡುತ್ತಾ ಬಂದರು. ಕಡೆಗೆ ಖಾಲಿ ಎಲೆಯ ಮುಂದೆ ನಿಂತು ಕಾಳಿನ ಚಿಕ್ಕ ಪೊಟ್ಟಣವನ್ನು ಶರ್ಲಿಯ ಕೈಗಿತ್ತರು.

"ಹೇಳು."

ಶರ್ಲಿ ಪೊಟ್ಟಣ ಹಿಡಿದು ನಿಂತಳು. 'ಸಮುದ್ರದಲ್ಲಿದ್ದಾನೆ' ಎಂದರೆ ಮುಗಿಯುತ್ತಿತ್ತು. ಪ್ರತಿ ವರ್ಷ ಹೇಳುತ್ತಿದ್ದದ್ದೂ ಅದನ್ನೇ. ಈ ವರ್ಷ ಅಡುಗೆಮನೆಯಲ್ಲಿ, ಕಣದಲ್ಲಿ, ಫೋನಿನಲ್ಲಿ ಎಷ್ಟೋ ಸುಳ್ಳು ಹೇಳಿದ್ದಳು. ಆದರೆ ಕೈಯಲ್ಲಿ ಮಂತ್ರಿಸಿದ ಕಾಳು ಹಿಡಿದು ಸುಳ್ಳಾಡಿದರೆ ಅವನು ಇನ್ನು ಬರುವುದೇ ಇಲ್ಲವೇನೋ ಅನ್ನಿಸಿಬಿಟ್ಟಿತು. ಓದಿದವಳು, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ನಾಲಿಗೆ ಹೊರಳಲಿಲ್ಲ. ಸುಮನಾ ಮೇಜಿನ ಆ ತುದಿಯಿಂದ ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದಳು.

ಶರ್ಲಿ ಮೊದಲು ಕೊಂಕಣಿಯಲ್ಲಿ ಹೇಳಿದಳು. ಆಮೇಲೆ ಅಡ್ಮಿರಲ್ ಕಡೆ ತಿರುಗಿ ಇಂಗ್ಲಿಷಿನಲ್ಲಿ, ನಿಧಾನವಾಗಿ, ಅವರ ಕಿವಿಯ ಯಂತ್ರಕ್ಕೂ ಕೇಳುವಂತೆ ಹೇಳಿದಳು.

"ಇದು ನನ್ನ ಗಂಡ ರಸೆಲ್‌ನ ಎಲೆ. ಅವನು ನಿಮ್ಮ ಬಂದರಿನಲ್ಲಿದ್ದಾನೆ. ಆ ಸರ್ವೆ ಹಡಗಿನಲ್ಲಿ."

ಪೊಟ್ಟಣವನ್ನು ಖಾಲಿ ಎಲೆಯ ಮೇಲಿಟ್ಟಳು. ಅಡ್ಮಿರಲ್ ಸುಮನಾಳ ಕಡೆ ನೋಡಿದರು. "ನಿಮಗೆ ಗೊತ್ತಿತ್ತೇ?"

"ಗೊತ್ತಿತ್ತು" ಎಂದಳು ಸುಮನಾ.

ಅವರು ಮೇಜಿಗೆ ಕೈಯೂರಿ ಎದ್ದರು. ಅವರ ಕಡೆಯವರೂ ಎದ್ದರು. ಎದ್ದವರು ಬಾಗಿಲವರೆಗೆ ಹೋಗಿ ಅಲ್ಲೇ ನಿಂತರು. ಕೆಳಗೆ ಗೇಟಿನ ಕಡೆಯಿಂದ ಬೈನೆ ಮರ ಸೀಳುವ ಲಟಲಟ ಸದ್ದು ಚೆನ್ನಾಗಿ ಕೇಳುತ್ತಿತ್ತು.

ಆಗ ಮಾರ್ಸೆಲಿನ್ ನಗತೊಡಗಿದರು.

ಶರ್ಲಿ ಅವರ ಎದೆಗೇನಾಯಿತೋ ಎಂದು ಓಡಿದಳು. ಎದೆಗೇನೂ ಆಗಿರಲಿಲ್ಲ. ಕುರ್ಚಿ ಹಿಡಿದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು.

"ಹಿಡಿದು ಇಟ್ಟಿದ್ದಾರಾ? ಅಷ್ಟೇನಾ? ಅಯ್ಯೋ ದೇವರೇ! ಅವನು ಅಲ್ಲಿ ಯಾವಳನ್ನೋ ಕಟ್ಟಿಕೊಂಡ ಅಂತ ನಾನು ಅಂದುಕೊಂಡಿದ್ದೆನಲ್ಲೇ! ನೀನು ಕಣಕ್ಕೆ ಹೋಗಿ ಗುಟ್ಟಾಗಿ ಮಾತಾಡೋದು, ಬಂದು ಸುಮ್ಮಸುಮ್ಮನೆ ಹಲ್ಲು ಬಿಡೋದು! ಮಗ ಹೀಗೆ ಮಾಡಿದನಲ್ಲ, ನನ್ನ ಮುಂದೆ ಹೇಳೋಕಾಗದೆ ಈ ಹುಡುಗಿ ಒಳಗೇ ಬೇಯ್ತಿದೆ ಅಂತ ಹಬ್ಬದ ಮುಂಚಿನ ಒಂಬತ್ತು ದಿನದ ನವೇನಾ ಪೂರ್ತಿ ನಿನಗೋಸ್ಕರ ಜಪ ಮಾಡಿದೆ!"

"ನನಗಾ?"

"ಮತ್ತೆ ಅವನಿಗಾ? ಅವನಿಗೆ ಶಾಪ ಹಾಕಿದೆ. ಇವತ್ತು ಪೂಜೆಯಲ್ಲೂ ಹಾಕಿದೆ. ವಾಪಸ್ ತಗೋಬೇಕು ಈಗ."

ಶರ್ಲಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ತಾನು ಕಾಪಾಡುತ್ತಿದ್ದೇನೆಂದುಕೊಂಡವರು ತನ್ನನ್ನು ಕಾಪಾಡುತ್ತಿದ್ದರು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಒಬ್ಬರಿಗೊಬ್ಬರು ಕಾವಲು ನಿಂತು.

"ತಾಯಿ ಏನೆನ್ನುತ್ತಿದ್ದಾರೆ?" ಬಾಗಿಲಲ್ಲಿ ನಿಂತಿದ್ದ ಅಡ್ಮಿರಲ್ ಕೇಳಿದರು.

ಶರ್ಲಿ ಮುಚ್ಚಿಡದೆ ಹೇಳಿದಳು. ಮೊದಲು ನಕ್ಕದ್ದು ಪ್ರೊಫೆಸರ್. ಶಾಲಿನ ತುದಿ ಬಾಯಿಗಿಟ್ಟುಕೊಂಡು ನಕ್ಕರು. ಅಡ್ಮಿರಲ್ ನಗು ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. "ನಾನು ಆ ದಿಬ್ಬದ ಹತ್ತಿರ ಪಹರೆಗೆ ಹೋದಾಗಲೆಲ್ಲ ನನ್ನ ಅತ್ತೆಯೂ ಹಾಗೆಯೇ ಅಂದುಕೊಳ್ಳುತ್ತಿದ್ದಳು. ಯಾರು ಹೋಗುತ್ತಾರೆ ಒಂದು ಹಿಡಿ ಮರಳು ಕಾಯಲು, ಎಂದು" ಎಂದರು. ಆಮೇಲೆ ಬಂದು ತಮ್ಮ ಜಾಗದಲ್ಲಿ ಕೂತರು. ಅವರ ಕಡೆಯವರೂ ಕೂತರು. ಬೇರೆ ಹೋಗಲು ಜಾಗವೂ ಇರಲಿಲ್ಲ.

ಊಟ ನಡೆಯಿತು. ಕೆಸುವಿನ ದಂಟಿನ ಪಲ್ಯವನ್ನು ಕೆಳಗಿನವರು ಎರಡು ಸಲ ಹಾಕಿಸಿಕೊಂಡರು. ಪಾಯಸ ಮುಗಿದ ಮೇಲೆ ಮಾರ್ಸೆಲಿನ್ ಖಾಲಿ ಎಲೆಯ ಮೇಲಿದ್ದ ಪೊಟ್ಟಣವನ್ನು ಎತ್ತಿಕೊಂಡರು. ಒಳಗಿನಿಂದ ನಿಂಬೆ ಉಪ್ಪಿನಕಾಯಿಯ ಬಾಟಲಿ ತಂದು, ಎರಡನ್ನೂ ಒಂದು ಬಟ್ಟೆಚೀಲಕ್ಕೆ ಹಾಕಿ ಅಡ್ಮಿರಲ್ ಮುಂದೆ ಹಿಡಿದರು.

"ಆ ಕಡೆ ಹೋಗೋರು ತಾನೆ? ಅವನಿಗೆ ಕೊಟ್ಟುಬಿಡಿ. ಕಾಳನ್ನ ಹಲ್ಲಿಗೆ ತಾಗಿಸದೆ ನುಂಗಬೇಕು ಅಂತ ಹೇಳಿ, ಅವನಿಗೆ ಯಾವಾಗಲೂ ಮರೆತುಹೋಗುತ್ತೆ."

ಶರ್ಲಿ ಅನುವಾದಿಸಿದಳು. ಅಡ್ಮಿರಲ್ ಚೀಲವನ್ನೂ ಮುದುಕಿಯನ್ನೂ ನೋಡಿದರು. "ಅವನನ್ನು ಹಿಡಿದಿಟ್ಟಿರುವುದು ನಮ್ಮವರೇ ಎಂದು ಇವರಿಗೆ ಅರ್ಥವಾಗಿದೆಯೇ?"

ಶರ್ಲಿ ಕೇಳಿದಳು. ಮಾರ್ಸೆಲಿನ್‌ಗೆ ಆಶ್ಚರ್ಯವಾಯಿತು. "ಅದಕ್ಕೇ ಅಲ್ವಾ ಇವರ ಕೈಯಲ್ಲಿ ಕೊಡ್ತಿರೋದು? ಹಿಡಿದಿಟ್ಟವರಿಗೇ ತಾನೇ ಅವನು ಎಲ್ಲಿದ್ದಾನೆ ಅಂತ ಸರಿಯಾಗಿ ಗೊತ್ತಿರೋದು? ಪೋಸ್ಟಿಗಿಂತ ವಾಸಿ."

ಊರಿಂದ ಊರಿಗೆ ಹೋಗುವವರ ಕೈಯಲ್ಲಿ ಚೀಲ ಕೊಟ್ಟು ಕಳಿಸುವುದು ಮಾರ್ಸೆಲಿನ್‌ರ ಜೀವಮಾನದ ಅಭ್ಯಾಸ. ಬಸ್ ಕಂಡಕ್ಟರ್, ಪಾದ್ರಿ, ಕಾಫಿ ಲಾರಿಯ ಡ್ರೈವರ್, ಯಾರನ್ನೂ ಬಿಟ್ಟವರಲ್ಲ. ಒಂದು ದೇಶದ ನೌಕಾಪಡೆಯನ್ನು ನಡೆಸಿದವರನ್ನೂ ಬಿಡಲಿಲ್ಲ. ಆ ಮನುಷ್ಯ ಬೇಡವೆನ್ನಲು ಬಾಯಿ ತೆರೆದು, ಚೀಲ ಆಗಲೇ ತನ್ನ ತೊಡೆಯ ಮೇಲಿರುವುದನ್ನು ಕಂಡು ಬಾಯಿ ಮುಚ್ಚಿಕೊಂಡರು. ಆಮೇಲೆ ಪ್ರೊಫೆಸರ್ ಕಡೆ ತಿರುಗಿದರು.

"ಇದನ್ನು ಹಿಡಿದು ಬಂದರಿಗೆ ಹೋದರೆ ಅಲ್ಲಿಯ ಅಧಿಕಾರಿ ಕೇಳುತ್ತಾನೆ. ನನ್ನ ಕೈಕೆಳಗೆ ಕಲಿತ ಹುಡುಗ. ಮಾತುಕತೆ ಏನಾಯಿತು ಸರ್, ಎನ್ನುತ್ತಾನೆ. ಮಾತುಕತೆ ಏನೂ ಆಗಲಿಲ್ಲ, ಉಪ್ಪಿನಕಾಯಿ ತಂದಿದ್ದೇನೆ ಎನ್ನಲೇ?"

ಪ್ರೊಫೆಸರ್ ಎಲೆಯನ್ನು ಮಡಿಸಿದರು. ಕನ್ನಡಕದವನು ಏನೋ ಹೇಳಲು ಹೊರಟಾಗ ಅವನ ತೋಳಿನ ಮೇಲೆ ಕೈಯಿಟ್ಟರು. "ಹೇಗೂ ಆನೆಗಳಿವೆ. ಕೊನೆಯ ವಿಷಯವನ್ನು ಮೊದಲು ತೆಗೆದುಕೊಳ್ಳೋಣ. ದಿಬ್ಬವನ್ನು ಅದರ ಪಾಡಿಗೆ ಬಿಟ್ಟು."

ಅವರು ಮತ್ತೆ ಜಗುಲಿಗೆ ಹೋದರು. ಶರ್ಲಿ ಟೀ, ಕಾಫಿ ಕೊಟ್ಟು ಬಂದಳು. ಈ ಸಲ ಅವಳು ಹೋದಾಗಲೆಲ್ಲ ಮಾತು ನಿಲ್ಲುತ್ತಿತ್ತು, ಬಂದ ಮೇಲೆ ಮುಂದುವರಿಯುತ್ತಿತ್ತು. ಅದೇ ಒಳ್ಳೆಯ ಲಕ್ಷಣವೆಂದು ಅವಳಿಗೆ ತೋರಿತು. ಹೆಂಡತಿಯ ಮುಖ ನೋಡಿದ ಮೇಲೆ ಕಾರ್ಡ್ ಎನ್ನುವ ಮಾತು ಸುಲಭವಾಗಿ ಹೊರಡಲಾರದು. ಬಿಸಿಲು ಇಳಿಯುವ ಹೊತ್ತಿಗೆ ಭೂತಯ್ಯ ಬಂದು, "ದಾಟ್ಕಂಡವೆ ಕಣ್ರಮ್ಮ, ಹಳ್ಳದ ಆ ಕಡೀಕೆ" ಎಂದ. ಯಾರೂ ಏಳಲಿಲ್ಲ. ಸೂಟ್‌ಕೇಸುಗಳು ದೀಪ ಹಚ್ಚುವವರೆಗೂ ಅಲ್ಲೇ ಇದ್ದವು.

ಹೊರಡುವ ಮುಂಚೆ ಸುಮನಾ ಸ್ಟೋರ್ ರೂಮಿಗೆ ಬಂದು ಬಾಗಿಲು ಹಾಕಿದಳು. "ನಿನ್ನನ್ನ ಕೊಂದುಬಿಡಬೇಕು ಅನ್ನಿಸಿತ್ತು" ಎಂದಳು. ಆಮೇಲೆ ಹೇಳಿದಳು. ಸಿಬ್ಬಂದಿಯನ್ನು ಬಿಡುವಂತೆ ಕೆಳಗಿನವರು ತಮ್ಮ ಸರ್ಕಾರಕ್ಕೆ ಹೇಳುತ್ತಾರೆ. ಹಡಗು ಅಲ್ಲೇ ಇರುತ್ತದೆ. ಮುಂದಿನ ಮಳೆಗಾಲದವರೆಗೆ ಮೇಲಿನವರು ಅಳೆಯಲು ಯಾರನ್ನೂ ಕಳಿಸುವುದಿಲ್ಲ. ಕಾವಲು ಹಡಗು ದಿಬ್ಬದ ಪಕ್ಕವೇ ನಿಂತಿರುತ್ತದೆ. "ಜಗಳ ಎಲ್ಲಿತ್ತೋ ಅಲ್ಲೇ ಇದೆ ಕಣೇ. ಮನುಷ್ಯರು ಮಾತ್ರ ಅದರೊಳಗಿಂದ ಹೊರಗೆ ಬರ್ತಾರೆ. ಆದ್ರೆ ಕೈಗೆ ಸಿಗೋವರೆಗೆ ನಂಬಬೇಡ."

ಶರ್ಲಿ ನಂಬಲಿಲ್ಲ. ಆದರೆ ಆ ರಾತ್ರಿ ಹಾಸಿಗೆಗೆ ಬಿದ್ದವಳು ಬೆಳಗಾದದ್ದೇ ತಿಳಿಯದಂತೆ ಮಲಗಿದಳು. ಬೆಳಿಗ್ಗೆ ಅಡುಗೆಮನೆಗೆ ಹೋದಾಗ ನಗುವನ್ನು ಹಾಕಿಕೊಳ್ಳಲು ಮರೆತಿದ್ದಳು. ಅತ್ತೆ ಅವಳ ಮುಖ ನೋಡಿ ಕಾಫಿ ಬಗ್ಗಿಸಿಕೊಟ್ಟರು.

ಅರೇಬಿಕಾ ಹಣ್ಣು ಕೆಂಪಗಾಗುವ ಹೊತ್ತಿಗೆ, ಒಂದು ಮಧ್ಯಾಹ್ನ, ರಸೆಲ್ ಮಂಗಳೂರಿನಲ್ಲಿ ಇಳಿದು ಟ್ಯಾಕ್ಸಿ ಹಿಡಿದ. ಶಿರಾಡಿ ಘಾಟಿ ಹತ್ತಿದಾಗ ಫೋನು ಮಾಡಿದ. ಹೆಗ್ಗದ್ದೆ ಹತ್ತಿರ ಬಂದಾಗ ಮಾಡಿದ. ಅದಾದ ಮೇಲೆ ಸದ್ದಿಲ್ಲ. ಶರ್ಲಿ ಜಗುಲಿಯಿಂದ ಕಣಕ್ಕೆ, ಕಣದಿಂದ ಜಗುಲಿಗೆ ಓಡಾಡುತ್ತಿದ್ದಾಗ ಮತ್ತೆ ಫೋನು ಬಂತು.

"ಗೇಟಿನ ಹತ್ತಿರಾನೇ ಇದ್ದೀನಿ ಮಾರಾಯ್ತಿ. ಇಲ್ಲಿ ಆನೆ ನಿಂತಿವೆ. ಭೂತಯ್ಯ ಆ ಕಡೆಯಿಂದ ಕೈ ಬೀಸಿ ಅಲ್ಲೇ ಇರಿ ಅಂತಿದ್ದಾನೆ."

ಶರ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೂತವಳಿಗೆ ನಗು ತಡೆಯಲಾಗಲಿಲ್ಲ.

"ಯಾಕೆ ನಗ್ತೀಯಾ? ಎಷ್ಟು ಹೊತ್ತಾಗುತ್ತೋ ಏನೋ."

"ಆಗಲಿ" ಎಂದಳು. "ನಿಂತಿರಲಿ ಪಾಪ."

"ಹೊಸ ಅಕ್ಕಿ ಬಂತು ಕಣೇ. ಒಬ್ಬ ಆಫೀಸರ್ ಹಡಗಿಗೇ ತಂದುಕೊಟ್ಟ. ಹಲ್ಲಿಗೆ ತಾಗಿಸದೆ ನುಂಗು ಅಂತ ಎದುರಿಗೇ ನಿಂತಿದ್ದ. ಆರ್ಡರ್ ಆಗಿದೆ ಅಂದ."

"ಉಪ್ಪಿನಕಾಯಿ?"

"ಉಪ್ಪಿನಕಾಯಿ ಏನು? ಅದ್ಯಾವುದೂ ಬರಲಿಲ್ಲ."

ಒಳಗಿನಿಂದ ಮಾರ್ಸೆಲಿನ್ ಕೂಗಿದರು. "ಅವನೇನಾ? ಒಬ್ಬನೇ ಇದ್ದಾನಾ ಗಾಡಿಯಲ್ಲಿ, ಸರಿಯಾಗಿ ಕೇಳು!"

"ಡ್ರೈವರ್ ಇದ್ದಾನಂತೆ ಮಾಂಯ್."

"ಗಂಡಸು ತಾನೇ?"

ಕೆಳಗೆ ಗೇಟಿನ ಕಡೆ ಕೊಂಬೆ ಮುರಿದ ಸದ್ದಾಯಿತು. ಇಷ್ಟು ತಿಂಗಳಲ್ಲಿ ಮೊದಲ ಸಲ ಶರ್ಲಿ ಫೋನನ್ನು ಜಗುಲಿಯ ಮೇಲೆ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿಟ್ಟು, ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದಳು.